ಸವೆದ ಕೀಲಿ

ಮಲೆನಾಡಿನಲ್ಲಿ ಏಪ್ರಿಲ್ ಸಂಜೆ ಗುಡುಗು ಕೇಳಿಸಿತೆಂದರೆ ಮನೆಯವರಿಗೆಲ್ಲ ಒಂದೊಂದು ಕೆಲಸ ಬೀಳುತ್ತದೆ. ಅಂಗಳದಲ್ಲಿ ಒಣಗಲು ಹಾಕಿದ ಹಲಸಿನ ಹಪ್ಪಳದ ಚಾಪೆ ಎತ್ತುವುದು ಒಬ್ಬರಿಗೆ, ಹಗ್ಗದ ಮೇಲಿನ ಬಟ್ಟೆ ಬಾಚುವುದು ಇನ್ನೊಬ್ಬರಿಗೆ, ಒಳಗಿನ ಪ್ಲಗ್ಗುಗಳನ್ನೆಲ್ಲ ಕೀಳುವುದು ಮತ್ತೊಬ್ಬರಿಗೆ. ನಮ್ಮ ಮನೆಯಲ್ಲಿ ಪ್ಲಗ್ಗಿನ ಕೆಲಸ ಅಪ್ಪನದಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಅದು ಅಮ್ಮನಿಗೆ ಬಂತು. 2019ರ ಯುಗಾದಿಗೆ ನಾನು ಊರಿಗೆ ಬಂದಿದ್ದಾಗ, ಹಬ್ಬ ಮುಗಿದ ಮಾರನೆಯ ಸಂಜೆ ಮೋಡ ಕಟ್ಟಿತು. ಅಮ್ಮ ಮೊದಲು ಟಿವಿಯ ಪ್ಲಗ್ ಕಿತ್ತರು, ಆಮೇಲೆ ಫ್ರಿಜ್ಜಿನದು. ಅಪ್ಪನ ಕೋಣೆಯ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ತೋಟದ ಆಚೆಯ ಹಲಸಿನ ಮರಕ್ಕೆ ಸಿಡಿಲು ಬಡಿಯಿತು. ಮನೆಗೇನೂ ಆಗಲಿಲ್ಲ. ಆದರೆ ತೋಟದ ಮೇಲಿಂದ ಬರುವ ಟೆಲಿಫೋನ್ ತಂತಿ ಮೋಡೆಮ್ಮಿಗೆ ಹೋಗುತ್ತದೆ, ಮೋಡೆಮ್ಮಿನಿಂದ ಇನ್ನೊಂದು ತಂತಿ ಕಂಪ್ಯೂಟರಿಗೆ. ಕೋಣೆಯೊಳಗಿಂದ ‘ಟಪ್’ ಎಂದು ಒಂದೇ ಒಂದು ಸದ್ದು ಬಂತು.

‘ಮೊದ್ಲು ಅಪ್ಪನ ಕಂಪ್ಯೂಟ್ರಿಗೇ ಹೋಗ್ಬೇಕಿತ್ತು’ ಎಂದು ಅಮ್ಮ ಆ ರಾತ್ರಿ ಮೂರು ಸಲ ಹೇಳಿದರು.

ಆ ಕಂಪ್ಯೂಟರ್ ಬಗ್ಗೆ ಎರಡು ಮಾತು ಹೇಳಬೇಕು. ಅಪ್ಪ ಸಬ್ ಪೋಸ್ಟ್‌ಮಾಸ್ಟರ್ ಆಗಿದ್ದವರು. ನಿವೃತ್ತರಾದ ಮೇಲೆ ಕಂಪ್ಯೂಟರ್ ಕಲಿತರು. ಊರೂರಿನ ಮನೆಗಳ ಹೆಸರು, ಆ ಹೆಸರು ಬಂದ ಕಾರಣ, ಯಾವ ಮನೆಗೆ ಯಾವ ಊರಿನಿಂದ ಕಾಗದ ಬರುತ್ತಿತ್ತು ಎಂಬುದನ್ನೆಲ್ಲ ನೆನಪಿನಿಂದ ತೆಗೆದು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದರು. ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ಅದರಲ್ಲಿ ಒತ್ತಕ್ಷರ ಬೇಕಾದಾಗಲೆಲ್ಲ ‘ಎಫ್’ ಒತ್ತಬೇಕು. ಇಂಗ್ಲಿಷ್ ಟೈಪ್ ಮಾಡುವವರ ಕೀಲಿಮಣೆಯಲ್ಲಿ ಬೇರೆ ಯಾವುದೋ ಅಕ್ಷರ ಮೊದಲು ಅಳಿಸುತ್ತದೆ. ಅಪ್ಪನದರಲ್ಲಿ ಎಫ್ ಅಳಿಸಿಹೋಗಿತ್ತು. ಅಕ್ಷರ ಹೋದದ್ದಷ್ಟೇ ಅಲ್ಲ, ಆ ಗುಂಡಿಯ ನಡುವೆ ಬೆರಳು ಕೂರುವಷ್ಟು ನುಣುಪಾದ ಒಂದು ತಗ್ಗೇ ಆಗಿತ್ತು. ಕನ್ನಡದಲ್ಲಿ ಒತ್ತಕ್ಷರ ಎಷ್ಟಿವೆಯೆಂದು ಲೆಕ್ಕ ಹಾಕಬೇಕೆನ್ನುವವರು ಆ ಒಂದು ಗುಂಡಿ ನೋಡಿದರೆ ಸಾಕಿತ್ತು.

ಮರುದಿನ ಕಂಪ್ಯೂಟರನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ತೀರ್ಥಹಳ್ಳಿಗೆ ಹೋದೆ. ರಿಪೇರಿ ಅಂಗಡಿಯ ಹುಡುಗ ಮುಚ್ಚಳ ಬಿಚ್ಚಿ ಮೂಸಿ ನೋಡಿದ. ‘ಬೋರ್ಡ್ ಹೋಗಿದೆ ಸಾರ್’ ಎಂದ. ಜಾಲದ ತಂತಿ ಸಿಕ್ಕಿಸುವ ಕಿಂಡಿಯ ಪಕ್ಕದಲ್ಲಿ ಕಡಲೆಕಾಳಿನಷ್ಟು ಕರಿ ಮಚ್ಚೆ. 2010ರ ಯಂತ್ರ ಅದು. ಅಂಥ ಬೋರ್ಡು ಈಗ ಹೊಸದಾಗಿ ಸಿಗುವುದಿಲ್ಲ, ಹೊಸ ಬೋರ್ಡಿನಲ್ಲಿ ಹಳೆಯ ಪ್ರೊಸೆಸರ್ ಕೂರುವುದಿಲ್ಲ, ರ‍್ಯಾಮ್ ಕೂಡ ಡಿಡಿಆರ್ 3 ಹೋಗಿ ಡಿಡಿಆರ್ 4 ಆಗಿದೆ. ಆದ್ದರಿಂದ ಮೂರನ್ನೂ ಬದಲಿಸಬೇಕು ಎಂದು ವಿವರಿಸಿದ. ಹಾರ್ಡ್ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿ ನೋಡಿದಾಗ ಅದು ಉಳಿದಿತ್ತು. ಅಪ್ಪನ ಕಡತಗಳೆಲ್ಲ ಅದರಲ್ಲಿದ್ದವು. ನನಗೆ ಅಷ್ಟೇ ಬೇಕಾಗಿತ್ತು. ಬೆಂಗಳೂರಿನ ಎಸ್.ಪಿ. ರೋಡಿನಿಂದ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿಸುತ್ತೇನೆ, ಎರಡು ದಿನ ಕೊಡಿ ಎಂದ. ರಜೆ ಮುಂದುವರಿಸಿಕೊಂಡೆ.

ಮೂರನೆಯ ದಿನ ಯಂತ್ರ ಮನೆಗೆ ಬಂತು. ಅದೇ ಡಬ್ಬಿ, ಅದೇ ಮಾನಿಟರ್, ಅದೇ ಕೀಲಿಮಣೆ. ಅಪ್ಪ ಡಬ್ಬಿಯ ಮೇಲೆ ಅಂಟಿಸಿದ್ದ ಶೃಂಗೇರಿಯ ಶಾರದೆಯ ಚಿಕ್ಕ ಚಿತ್ರವೂ ಹಾಗೇ ಇತ್ತು. ಗುಂಡಿ ಒತ್ತಿದೆ. ಸ್ವಲ್ಪ ಹೊತ್ತು ಸಾಧನಗಳನ್ನು ಸಿದ್ಧಪಡಿಸುತ್ತಿದ್ದೇನೆ ಎಂದು ತೋರಿಸಿ, ಅಪ್ಪ ಬಿಟ್ಟುಹೋದ ಹಾಗೆಯೇ ಪರದೆ ತೆರೆದುಕೊಂಡಿತು. ಅಮ್ಮ ಬಾಗಿಲಲ್ಲೇ ನಿಂತು ಕೈ ಮುಗಿದರು. ಅವರು ಒಳಗೆ ಹೋದ ಮೇಲೆ ನಾನು ಗಮನಿಸಿದೆ: ಪರದೆಯ ಬಲಗಡೆ ಕೆಳಮೂಲೆಯಲ್ಲಿ ಮಸುಕಾದ ಎರಡು ಸಾಲು. ವಿಂಡೋಸ್ ಸಕ್ರಿಯಗೊಳಿಸಿ, ಅದಕ್ಕಾಗಿ ಸೆಟ್ಟಿಂಗ್ಸ್‌ಗೆ ಹೋಗಿ ಎಂದು. ಹೋಗಿ ನೋಡಿದರೆ, ಈ ಸಾಧನದ ಹಾರ್ಡ್‌ವೇರ್ ಬದಲಾಗಿರುವುದರಿಂದ ವಿಂಡೋಸ್ ಇದರ ಮೇಲೆ ಸಕ್ರಿಯವಾಗಿಲ್ಲ ಎಂಬ ಒಕ್ಕಣೆ.

ನಮಗೆ ಕಾಣುವುದು, ಕೈಗೆ ಸಿಗುವುದು ಎಲ್ಲ ಹಳೆಯದೇ. ವಿಂಡೋಸಿಗೆ ಕಾಣುವುದು ಹೆಚ್ಚುಪಾಲು ಹೊಸದು. ಒಂದೇ ಯಂತ್ರದ ಮುಂದೆ ನಾನು ಹೊರಗಿನಿಂದ, ಅದು ಒಳಗಿನಿಂದ ನೋಡುತ್ತಿದ್ದೆವು. ಅಪ್ಪನ ಕಂಪ್ಯೂಟರ್ ಇದೇ ಎಂದು ನಾನು ಹೇಳಲು ನೂರು ಗುರುತುಗಳಿದ್ದವು. ಅವುಗಳಲ್ಲಿ ಒಂದೂ ಅದರ ಲೆಕ್ಕದಲ್ಲಿರಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. ಹುಡುಗ ಒಳ್ಳೆಯ ಮನಸ್ಸಿನಿಂದಲೇ ಹೇಳಿದ: ‘ಅದೇನ್ ಸಾರ್, ತಗೊಂಡ್ ಬನ್ನಿ, ಕ್ರ್ಯಾಕ್ ಹಾಕ್ಕೊಡ್ತೀನಿ, ಐದ್ ನಿಮಿಷ. ಹಾಗೇ ಬಿಟ್ರೂ ನಡೀತದೆ.’ ನಡೆಯುವುದು ನಿಜ. ಗೋಡೆಚಿತ್ರ, ಬಣ್ಣ ಇವನ್ನು ಬದಲಿಸಲು ಸೆಟ್ಟಿಂಗ್ಸ್ ಬಿಡುವುದಿಲ್ಲ ಎನ್ನುವುದನ್ನು ಬಿಟ್ಟರೆ ಟೈಪ್ ಮಾಡುವುದಕ್ಕೆ ಅಡ್ಡಿಯಿಲ್ಲ. ಆದರೆ ಅದು ಅಪ್ಪನ ಯಂತ್ರ. ಅದರ ಮೇಲೆ ‘ಇದು ಸರಿಯಾದದ್ದಲ್ಲ’ ಎನ್ನುವ ಸಾಲು ಇರುವುದು ನನಗೆ ಸಹಿಸಲಾಗದ ಮಾತಾಗಿತ್ತು. ಯಾಕೆಂದು ಹೇಳಬೇಕಾದರೆ ಸ್ಟಾಂಪಿನ ಕತೆ ಹೇಳಬೇಕು.

ಅಂಚೆ ಕಚೇರಿಯಲ್ಲಿ ಸ್ಟಾಂಪಿಗೆ ಮೊಹರು ಹೊಡೆಯುವುದು ಅದು ಇನ್ನೊಮ್ಮೆ ಬಳಕೆಯಾಗದಿರಲಿ ಎಂದು. ಎಲ್ಲೋ ಒಂದೊಂದು ಲಕೋಟೆ ಮೊಹರು ತಪ್ಪಿಸಿಕೊಂಡು ಬಂದುಬಿಡುತ್ತದೆ. ಅದನ್ನು ನೀರಿನಲ್ಲಿ ನೆನೆಸಿ, ಸ್ಟಾಂಪು ಬಿಡಿಸಿ, ಒಣಗಿಸಿ ಮತ್ತೆ ಅಂಟಿಸುವವರು ನಮ್ಮ ಕಡೆ ಬೇಕಾದಷ್ಟು ಜನರಿದ್ದರು. ಅಪ್ಪ ಅಂಥ ಲಕೋಟೆ ಕಂಡರೆ ಬಟವಾಡೆಗೆ ಕೊಡುವ ಮೊದಲು ಪೆನ್ನಿನಿಂದ ಸ್ಟಾಂಪಿನ ಮೇಲೆ ಗೀಟು ಎಳೆಯುತ್ತಿದ್ದರು. ನಮ್ಮ ಮನೆಗೇ ಬಂದ ಕಾಗದಕ್ಕೂ ಅದೇ ನ್ಯಾಯ. ನಾಲ್ಕಾಣೆಯ ಸ್ಟಾಂಪಿಗಾಗಿ ನಾನು ಚಿಕ್ಕವನಿದ್ದಾಗ ಅತ್ತದ್ದೂ ಉಂಟು. 2004ರಲ್ಲಿ ಅಪ್ಪ ಮೊದಲ ಕಂಪ್ಯೂಟರ್ ಕೊಂಡಾಗ, ಹಾಗೇ ಹಾಕಿ ಕೊಡುತ್ತೇವೆ ಎಂದ ಅಂಗಡಿಯವನ ಮಾತು ಕೇಳದೆ ವಿಂಡೋಸ್ ಎಕ್ಸ್‌ಪಿಯ ಪೆಟ್ಟಿಗೆಯನ್ನೇ ತರಿಸಿದ್ದರು. ಸಕ್ರಿಯಗೊಳಿಸುವುದು ಎಂದರೇನು ಎಂದು ನಾನು ತಡವರಿಸುತ್ತ ವಿವರಿಸತೊಡಗಿದಾಗ ಅರ್ಧಕ್ಕೇ ತಡೆದು, ‘ಗೊತ್ತಾಯ್ತು ಬಿಡು, ಸ್ಟಾಂಪಿಗೆ ಮೊಹರು ಹೊಡೆದ ಹಾಗೆ’ ಎಂದರು. ಅದಕ್ಕಿಂತ ಸರಿಯಾದ ವಿವರಣೆ ನನಗೆ ಇದುವರೆಗೂ ಸಿಕ್ಕಿಲ್ಲ.

2001ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಎಕ್ಸ್‌ಪಿಯೇ ಮನೆಮನೆಯ ಬಳಕೆದಾರರಿಗೆ ಈ ಮೊಹರಿನ ಪರಿಚಯ ಮಾಡಿಸಿದ್ದು. ಅದಕ್ಕೂ ಮೊದಲು ಪೆಟ್ಟಿಗೆಯ ಮೇಲಿನ 25 ಅಕ್ಷರಗಳನ್ನು ಟೈಪ್ ಮಾಡಿದರೆ ಮುಗಿಯುತ್ತಿತ್ತು. ಒಂದೇ ಕೀಲಿ ಹತ್ತು ಮನೆಯ ಬೀಗ ತೆಗೆಯುತ್ತಿತ್ತು. ಎಕ್ಸ್‌ಪಿ ಆ ಕೀಲಿಯನ್ನು ಒಂದು ಯಂತ್ರಕ್ಕೆ ಗಂಟು ಹಾಕಿತು. ಯಂತ್ರದ ಗುರುತಿಗೆ ಅದು ನೋಡುತ್ತಿದ್ದದ್ದು ಹತ್ತು ಸಂಗತಿಗಳನ್ನು: ಪ್ರೊಸೆಸರಿನ ಬಗೆ, ಅದರ ಕ್ರಮಸಂಖ್ಯೆ, ರ‍್ಯಾಮ್ ಎಷ್ಟಿದೆ, ಹಾರ್ಡ್ ಡಿಸ್ಕ್ ಯಾವುದು, ಆ ಡಿಸ್ಕಿನ ಮೇಲಿನ ಸಂಖ್ಯೆ, ಸಿಡಿ ಓದುವ ಸಾಧನ, ಪರದೆಗೆ ಚಿತ್ರ ಕಳಿಸುವ ಕಾರ್ಡು, ಡಿಸ್ಕುಗಳನ್ನು ನಡೆಸುವ ಎರಡು ಬಗೆಯ ನಿಯಂತ್ರಕಗಳು, ಕೊನೆಗೆ ಜಾಲದ ಕಾರ್ಡು. ಇವುಗಳಲ್ಲಿ ಜಾಲದ ಕಾರ್ಡಿಗೆ ಹೆಚ್ಚಿನ ಮರ್ಯಾದೆ. ಅದೊಂದು ಹಳೆಯದೇ ಉಳಿದಿದ್ದರೆ ಬೇರೆ ಐದು ಬದಲಾದರೂ ಎಕ್ಸ್‌ಪಿ ಸುಮ್ಮನಿರುತ್ತಿತ್ತು. ಅದೇ ಬದಲಾಗಿದ್ದರೆ ಅದೂ ಸೇರಿ ನಾಲ್ಕಾಗುತ್ತಿದ್ದಂತೆ ‘ನೀನು ಯಾರು?’ ಎಂದು ಕೇಳುತ್ತಿತ್ತು. ಈ ಹತ್ತನ್ನೂ ಅದು ಇದ್ದ ಹಾಗೆ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಒಂದೊಂದನ್ನೂ ಅರೆದು ಸೋಸಿ ಕೆಲವೇ ಬಿಟ್‌ಗಳಿಗೆ ಇಳಿಸುತ್ತಿತ್ತು. ರ‍್ಯಾಮಿನ ಪಾಲಿಗೆ ಬಂದದ್ದು ಮೂರೇ ಬಿಟ್. ಎಲ್ಲ ಸೇರಿ 64 ಬಿಟ್‌ನಲ್ಲಿ ಒಂದು ಯಂತ್ರದ ಮುಖ ಮುಗಿದುಹೋಗುತ್ತಿತ್ತು. ಆ ಮುಖದಿಂದ ಹಿಂದಕ್ಕೆ ಹೋಗಿ ಯಾರ ಮನೆಯ ಯಾವ ಕಾರ್ಡು ಎಂದು ಹುಡುಕಲು ಆಗದಿರಲಿ ಎಂದೇ ಇಷ್ಟು ಕಿರಿದು ಮಾಡಿದ್ದು. ಇದನ್ನು ರೂಪಿಸಿದವರಿಗೆ ಇಷ್ಟು ಎಚ್ಚರವಿತ್ತು ಎನ್ನುವುದು ನನಗೆ ಮೆಚ್ಚುಗೆಯ ವಿಷಯ. ತುಂಬ ತಿಳಿದುಕೊಳ್ಳದೆಯೂ ಗುರುತು ಹಿಡಿಯಬಹುದು ಎಂದು ಅವರು ಯೋಚಿಸಿದ್ದರು.

ಹತ್ತು ಎಂಬ ಲೆಕ್ಕ ಆಗ ನನ್ನ ಮನಸ್ಸಿನಲ್ಲಿ ನಿಲ್ಲಲಿಲ್ಲ. ಆಮೇಲೆ ನಿಂತಿತು, ಅಮ್ಮನ ಬೆರಳಿನ ದೆಸೆಯಿಂದ. ಅದಕ್ಕೆ ಮತ್ತೆ ಬರುತ್ತೇನೆ.

ಆ ಮೊದಲ ಕಂಪ್ಯೂಟರಿನ ಬೋರ್ಡೂ ಒಮ್ಮೆ ಹೋಗಿತ್ತು, 2006ರಲ್ಲಿ. ಆಗ ಸಿಡಿಲಿನ ಕಾಟವಲ್ಲ. ಆ ಕಾಲದ ಎಷ್ಟೋ ಬೋರ್ಡುಗಳಲ್ಲಿ ಕೆಪ್ಯಾಸಿಟರುಗಳು ತಲೆ ಉಬ್ಬಿ ಒಡೆದುಹೋಗುತ್ತಿದ್ದವು. ಜಗತ್ತಿನಾದ್ಯಂತ ಇದ್ದ ತೊಂದರೆ ಅದು. ಬೋರ್ಡು ಬದಲಿಸಿದ ಮೇಲೆ ಎಕ್ಸ್‌ಪಿ ಮೂರು ದಿನದ ಗಡುವು ಕೊಟ್ಟಿತು. ನಮ್ಮೂರಿನ ಡಯಲಪ್ ಸಂಪರ್ಕ ಮಳೆಗಾಲದಲ್ಲಿ ಕೈಗೆ ಸಿಗುವಂಥದ್ದಲ್ಲ. ಉಳಿದ ದಾರಿ ಫೋನು. ಪರದೆಯ ಮೇಲೆ ಆರಾರರ ಗುಂಪಿನಲ್ಲಿ ಐವತ್ತರಷ್ಟು ಅಂಕಿಗಳು ಬಂದವು. ಶುಲ್ಕವಿಲ್ಲದ ನಂಬರಿಗೆ ಫೋನ್ ಮಾಡಿ ಅವನ್ನು ಹೇಳಬೇಕು. ಆ ಕಡೆಯಿಂದ 42 ಅಂಕಿ ಹೇಳುತ್ತಾರೆ, ಏಳು ಗುಂಪು. ಅವನ್ನು ಇಲ್ಲಿ ತುಂಬಬೇಕು.

ಫೋನು ನಡುಮನೆಯಲ್ಲಿ, ಕಂಪ್ಯೂಟರ್ ಕೋಣೆಯಲ್ಲಿ. ಅಪ್ಪ ಪರದೆಯ ಅಂಕಿಗಳನ್ನೆಲ್ಲ ಒಂದು ಮದುವೆ ಕಾಗದದ ಹಿಂದೆ ಬರೆದುಕೊಂಡು, ಕನ್ನಡಕ ಏರಿಸಿ, ನಡುಮನೆಯ ಬೆಂಚಿನ ಮೇಲೆ ಕೂತರು. ಮೂವತ್ತೈದು ವರ್ಷ ಮನಿಯಾರ್ಡರ್ ಅಂಕಿಗಳನ್ನು ತಪ್ಪದೆ ದಾಖಲಿಸಿದ ಮನುಷ್ಯ. ಅಂಕಿ ಓದುವುದಕ್ಕೂ ಅವರದೇ ಒಂದು ಲಯವಿತ್ತು: ಮೂರು ಅಂಕಿ, ಸಣ್ಣ ಬಿಡುವು, ಮೂರು ಅಂಕಿ, ದೊಡ್ಡ ಬಿಡುವು. ಸೊನ್ನೆ ಬಂದಾಗ ಮಾತ್ರ ಸ್ವರ ತುಸು ಏರುತ್ತಿತ್ತು. ಸೊನ್ನೆ ಕೇಳಿಸದೆ ಹೋದರೆ ಉಳಿದದ್ದೆಲ್ಲ ಕೇಳಿಸಿಯೂ ಉಪಯೋಗವಿಲ್ಲ ಎಂದು ಹೇಳುತ್ತಿದ್ದರು. ಮೊದಲು ಮುದ್ರಿತ ಧ್ವನಿ ಕೇಳಿಸಿಕೊಂಡಿತು, ಒಪ್ಪಲಿಲ್ಲ, ಮನುಷ್ಯರಿಗೆ ವರ್ಗಾಯಿಸಿತು. ಒಬ್ಬ ಹುಡುಗಿ ಮಾತಿಗೆ ಬಂದಳು. ಅಪ್ಪ ಮತ್ತೆ ಮೊದಲಿನಿಂದ ಓದಿದರು. ಓದಿ ಮುಗಿದ ಮೇಲೆ ಅವಳು ಒಂದೇ ಪ್ರಶ್ನೆ ಕೇಳಿದಳು: ಈ ತಂತ್ರಾಂಶವನ್ನು ಎಷ್ಟು ಕಂಪ್ಯೂಟರಿಗೆ ಹಾಕಿದ್ದೀರಿ?

ಅಪ್ಪ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡರು. ‘ಒಂದೇ ಒಂದು’ ಎಂದು ಇಂಗ್ಲಿಷಿನಲ್ಲಿ ಹೇಳಿ, ಬೋರ್ಡು ಹೇಗೆ ಸುಟ್ಟುಹೋಯಿತು, ಹೊಸದನ್ನು ಎಲ್ಲಿಂದ ತರಿಸಿದೆವು ಎಂಬುದನ್ನೆಲ್ಲ ಅಂಚೆ ಇಲಾಖೆಗೆ ವರದಿ ಬರೆಯುವ ಧಾಟಿಯಲ್ಲಿ ಒಪ್ಪಿಸಿದರು. ಅಷ್ಟು ವಿವರ ಅವಳಿಗೆ ಬೇಕಿರಲಿಲ್ಲ. ಆದರೂ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬರೆದುಕೊಳ್ಳಿ ಎಂದು ನಿಧಾನವಾಗಿ 42 ಅಂಕಿ ಹೇಳಿದಳು. ಅಪ್ಪ ಒಂದೊಂದು ಗುಂಪನ್ನೂ ಗಟ್ಟಿಯಾಗಿ ಹೇಳಿದರು, ನಾನು ಕೋಣೆಯಲ್ಲಿ ಟೈಪ್ ಮಾಡಿದೆ. ಕೆಲಸ ಆಯಿತು.

ಅವಳು ನಂಬಿದಳು. ಆ ಫೋನಿನ ನೆನಪಾದಾಗಲೆಲ್ಲ ನನಗೆ ಮುಖ್ಯವೆನಿಸುವುದು ಇದೇ. ಹತ್ತರಲ್ಲಿ ನಾಲ್ಕು ಹೊಂದದೆ ಯಂತ್ರ ಕೈಚೆಲ್ಲಿದ ಜಾಗದಲ್ಲಿ ಒಬ್ಬ ಮನುಷ್ಯಳನ್ನು ಕೂರಿಸಿದ್ದರು. ಅವಳ ಕೈಯಲ್ಲಿ ಒಂದು ಪ್ರಶ್ನೆ, ಒಂದು ನಂಬಿಕೆ. ಸುಳ್ಳು ಹೇಳುವವರೂ ಅವಳಿಗೆ ಫೋನ್ ಮಾಡಿರುತ್ತಾರೆ, ಅವಳಿಗೂ ಗೊತ್ತಿರುತ್ತದೆ. ಆದರೂ ಆ ಬಾಗಿಲು ತೆರೆದಿತ್ತು. ಗುರುತು ಕೇಳುವ ಯಾವುದೇ ವ್ಯವಸ್ಥೆಗೆ ಇಂಥದ್ದೊಂದು ಬಾಗಿಲು ಇರಲೇಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅಪ್ಪನ ಅಂಚೆ ಕಚೇರಿಯಲ್ಲೂ ಅದಿತ್ತು. ಓದುಬರಹ ಬಾರದವರಿಗೆ ಮನಿಯಾರ್ಡರ್ ಬಂದರೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು, ಜೊತೆಗೆ ಸಾಕ್ಷಿಯ ಸಹಿ. ಆ ಹೆಬ್ಬೆಟ್ಟಿನ ಗೆರೆಗಳನ್ನು ಕೌಂಟರಿನಲ್ಲಿ ಯಾರೂ ಭೂತಗನ್ನಡಿ ಹಿಡಿದು ನೋಡುತ್ತಿರಲಿಲ್ಲ. ‘ಇವಳು ಇಂಥವಳೇ, ನನಗೆ ಗೊತ್ತು’ ಎಂದು ಪಕ್ಕದಲ್ಲಿ ನಿಂತು ಹೇಳುವವರ ಮಾತಿನ ಮೇಲೆ ಹಣ ಕೈಗೆ ಬರುತ್ತಿತ್ತು.

ಪೆಟ್ಟಿಗೆಯ ಮೇಲಿನ 25 ಅಕ್ಷರಗಳ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಎಕ್ಸ್‌ಪಿಯ ಕೀಲಿಯಲ್ಲಾಗಲಿ ಆಮೇಲೆ ಅಪ್ಪ ಕೊಂಡ ವಿಂಡೋಸ್ 7ರ ಕೀಲಿಯಲ್ಲಾಗಲಿ ಇಂಗ್ಲಿಷಿನ ಸ್ವರಗಳು ಒಂದೂ ಇಲ್ಲ. ಹದಿನೇಳು ಅಕ್ಷರ, ಏಳು ಅಂಕಿ, ಒಟ್ಟು 24 ಚಿಹ್ನೆಗಳಲ್ಲೇ ಅವನ್ನೆಲ್ಲ ಹೆಣೆದದ್ದು. ಸೊನ್ನೆಯೂ ಇಲ್ಲ, ಒಂದೂ ಇಲ್ಲ, ಐದೂ ಇಲ್ಲ. ಸೊನ್ನೆಗೂ ‘ಓ’ಗೂ, ಒಂದಕ್ಕೂ ‘ಐ’ಗೂ, ಐದಕ್ಕೂ ‘ಎಸ್’ಗೂ ಗೊಂದಲವಾಗುವ ಮಾತೇ ಇಲ್ಲ. ಅಪ್ಪ ಇದನ್ನು ತಾವೇ ಕಂಡುಹಿಡಿದು ಒಂದು ಸಂಜೆ ನನ್ನನ್ನು ಕರೆದು ತೋರಿಸಿದ್ದರು. ‘ನೋಡು, ಬರೀ ವ್ಯಂಜನ. ಉಸಿರೇ ಇಲ್ಲ ಇದಕ್ಕೆ’ ಎಂದರು. ಸ್ವರ ಸೇರದೆ ವ್ಯಂಜನ ಬಾಯಿಂದ ಹೊರಡುವುದಿಲ್ಲ ಎಂದು ಮೂರನೇ ಕ್ಲಾಸಿನಲ್ಲೇ ಕಲಿತ ನಮಗೆ ಅದು ಓದಲಾಗದ, ಕಂಠಪಾಠಕ್ಕೆ ಒಲಿಯದ ಸಾಲು. ಕರೆಂಟ್ ಬಿಲ್ಲಿನ ಹಿಂದೆ, ಡೈರಿಯ ಮೊದಲ ಪುಟದಲ್ಲಿ, ಪೆಟ್ಟಿಗೆಯ ಒಳಗಡೆ ಹೀಗೆ ಮೂರು ಕಡೆ ಅದನ್ನು ಬರೆದಿಟ್ಟಿದ್ದರು.

ಆ ವಿಂಡೋಸ್ 7 ಕೂಡ ಪೆಟ್ಟಿಗೆಯದ್ದೇ. ಆಗ ಅದು ಅಪ್ಪನ ಹಟ ಎನಿಸಿತ್ತು. ಅದರ ಬೆಲೆ ತಿಳಿದದ್ದು ಸಿಡಿಲು ಬಡಿದ ಮೇಲೆ. ಕಂಪ್ಯೂಟರಿನ ಜೊತೆಗೇ ಕಂಪನಿಯಿಂದ ಬರುವ ವಿಂಡೋಸ್ ಇದೆಯಲ್ಲ, ಅದು ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯಂತೆ. ಮರದ ಜೊತೆಗೇ ಅದರ ಬಾಳು. ವಿಂಡೋಸ್ 8ರ ಕಾಲದಿಂದ ಅಂಥ ಯಂತ್ರಗಳಲ್ಲಿ ಕೀಲಿಯನ್ನು ಬೋರ್ಡಿನ ಒಳಗೇ ಬರೆದಿಟ್ಟಿರುತ್ತಾರೆ, ಬೋರ್ಡು ಸತ್ತರೆ ಕೀಲಿಯೂ ಅದರೊಂದಿಗೆ ಹೋಯಿತು. ಕೆಟ್ಟ ಬೋರ್ಡಿಗೆ ಬದಲಾಗಿ ತಯಾರಕರೇ ಅಂಥದ್ದೇ ಬೋರ್ಡು ಹಾಕಿಕೊಟ್ಟರೆ ಮಾತು ಬೇರೆ. ಪೆಟ್ಟಿಗೆಯಲ್ಲಿ ಬಿಡಿಯಾಗಿ ಕೊಂಡದ್ದು ಮಾತ್ರ ಕುಂಡದ ಗಿಡ. ಒಂದು ಸಲಕ್ಕೆ ಒಂದೇ ಜಗಲಿಯ ಮೇಲೆ ಇರಬೇಕು ಎನ್ನುವುದು ಕಟ್ಟಳೆ, ಆದರೆ ಜಗಲಿ ಬದಲಿಸಬಹುದು. 2016ರ ಜುಲೈ 29ರವರೆಗೆ ವಿಂಡೋಸ್ 10ಕ್ಕೆ ಪುಕ್ಕಟೆಯಾಗಿ ಏರಲು ಅವಕಾಶವಿತ್ತು, ಅಪ್ಪ ಕೊನೆಯ ವಾರದಲ್ಲಿ ಏರಿಸಿದರು. ಅದೇ ಆಗಸ್ಟಿನಲ್ಲಿ ಬಂದ ಪರಿಷ್ಕರಣೆಯಿಂದ ಪರವಾನಗಿಯನ್ನು ನಮ್ಮ ಹೆಸರಿನ ಖಾತೆಯೊಂದಕ್ಕೆ ಜೋಡಿಸಿಡುವ ಅನುಕೂಲವಾಯಿತು. ಮುಂದೆ ಬೋರ್ಡು ಬದಲಾದರೆ ಆ ಖಾತೆಯ ಮೂಲಕ ‘ಇದು ಅದೇ’ ಎಂದು ಹೇಳಬಹುದು. ಆ ದೀಪಾವಳಿಗೆ ಬಂದಾಗ ನಾನೇ ಅಪ್ಪನ ಪಕ್ಕದಲ್ಲಿ ಕೂತು ಅವರ ಇಮೇಲ್ ಖಾತೆಗೆ ಅದನ್ನು ಜೋಡಿಸಿದ್ದೆ. ಎರಡು ನಿಮಿಷದ ಕೆಲಸ. ಯಂತ್ರ ಚೆನ್ನಾಗಿರುವಾಗಲೇ ಮಾಡಿಡಬೇಕಾದ ಕೆಲಸ ಅದು. ಮಳೆ ಬರುವ ಮೊದಲೇ ಹೆಂಚು ಕೈಯಾಡಿಸಿದ ಹಾಗೆ.

ಈಗ ಅಮ್ಮನ ಬೆರಳು.

2018ರ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ಅಮ್ಮನಿಗೆ ಕುಟುಂಬ ಪಿಂಚಣಿ ಬರತೊಡಗಿತು. ಪ್ರತಿ ನವೆಂಬರಿನಲ್ಲಿ ತಾನು ಬದುಕಿದ್ದೇನೆ ಎಂದು ತೋರಿಸಿಕೊಡಬೇಕು, ಲೈಫ್ ಸರ್ಟಿಫಿಕೇಟ್ ಅದು. ಬೆರಳು ಕೊಟ್ಟರೆ ಕ್ಷಣದಲ್ಲಿ ಮುಗಿಯುತ್ತದೆ ಎಂದು ಕರೆದುಕೊಂಡು ಹೋದೆ. ಕೌಂಟರಿನ ಹುಡುಗ ಕೆಂಪು ದೀಪ ಉರಿಯುವ ಪುಟ್ಟ ಯಂತ್ರ ಮುಂದಿಟ್ಟು, ‘ಅಮ್ಮಾ, ಹೆಬ್ಬೆಟ್ಟು ಇಡಿ’ ಎಂದ. ಇಟ್ಟರು. ‘ತಗೊಳ್ತಾ ಇಲ್ಲ, ತೋರುಬೆರಳು ಇಡಿ.’ ಅದನ್ನೂ ತೆಗೆದುಕೊಳ್ಳಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ನೋಡಿ ಎಂದ. ಒರೆಸಿದರು. ಒತ್ತಿ ಹಿಡಿಯಿರಿ ಎಂದ. ಒತ್ತಿದರು. ಬಲಗೈ ಐದು, ಎಡಗೈ ಐದು, ಹತ್ತೂ ಆಯಿತು. ಹಿಂದೆ ಸಾಲು ಬೆಳೆಯುತ್ತಿತ್ತು. ಅಮ್ಮ ತಮ್ಮ ಎರಡೂ ಕೈಗಳನ್ನು ಹೊಸದಾಗಿ ನೋಡುವವರಂತೆ ಅಂಗೈ ಮೇಲೆ ಮಾಡಿ ನೋಡಿಕೊಂಡರು.

ಐವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಕೈಗಳವು. ಸಿಪ್ಪೆ ಹಿಡಿಯುವ ಹೆಬ್ಬೆರಳು, ತಿರುಗಿಸುವ ತೋರುಬೆರಳು, ಎರಡರ ಗೆರೆಗಳೂ ನಯವಾಗಿ ಹೋಗಿದ್ದವು. ಬೇಯಿಸಿದ ಅಡಿಕೆಯ ಚೊಗರು ಹಿಡಿದ ಕಪ್ಪು ಉಗುರಿನ ಸಂದಿಯಲ್ಲಿ ಇನ್ನೂ ಇತ್ತು. ನನ್ನ ಮಟ್ಟಿಗೆ ಆ ಕೈಗಳು ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗುವ ಕೈಗಳು. ಗೆರೆ ಸವೆದಿರುವುದರಿಂದಲೇ ಗೊತ್ತಾಗುವ ಕೈಗಳು. ಯಂತ್ರಕ್ಕೆ ಅದೇ ಸವೆತ ಅಡ್ಡಿಯಾಯಿತು. ಒಳಗಿನ ಮೇಜಿನಿಂದ ಒಬ್ಬ ಅಧಿಕಾರಿ ಎದ್ದು ಬಂದರು, ಅಮ್ಮನ ಮುಖ ನೋಡಿದರು. ‘ಪೋಸ್ಟ್‌ಮಾಸ್ಟರ ಮನೆಯವರಲ್ವಾ? ಬನ್ನಿ ಅಮ್ಮಾ, ಕೂತ್ಕೊಳ್ಳಿ’ ಎಂದು ಕಾಗದದ ನಮೂನೆ ತರಿಸಿ, ಇವರು ನನ್ನ ಮುಂದೆ ಹಾಜರಿದ್ದಾರೆ ಎಂಬಲ್ಲಿ ಸಹಿ ಹಾಕಿ, ಸೀಲು ಒತ್ತಿದರು. ಮನೆಗೆ ಬರುವ ದಾರಿಯಲ್ಲಿ ಅಮ್ಮ ಬಸ್ಸಿನ ಕಿಟಕಿಯಾಚೆ ನೋಡುತ್ತ, ‘ನಾನು ನಾನೇ ಅಂತ ಹೇಳೋಕೆ ಇನ್ನೊಬ್ರು ಬೇಕಾಯ್ತು’ ಎಂದರು. ದೂರಿನ ಧ್ವನಿಯಲ್ಲ, ಹೊಸತೊಂದು ತಿಳಿದವರ ಧ್ವನಿ.

ಪರದೆಯ ಮೂಲೆಯ ಆ ಸಾಲಿನ ಮುಂದೆ ಕೂತಿದ್ದಾಗ ನನಗೆ ಈ ಬಸ್ಸಿನ ಮಾತು ನೆನಪಾಯಿತು. ನಾವು ವಸ್ತುಗಳನ್ನು ಗುರುತಿಸುವುದು ಅವು ನಮ್ಮ ಕೈಯಲ್ಲಿ ಸವೆದ ಬಗೆಯಿಂದ. ನಮ್ಮ ಮನೆಯ ಹಳೆಯ ಕತ್ತಿಗೆ ಅಜ್ಜನ ಕಾಲದಿಂದ ಹಿಡಿ ಎಷ್ಟೋ ಸಲ ಬದಲಾಗಿದೆ, ಹಣಿದು ಹಣಿದು ಅಲಗೂ ಮೊದಲಿನ ಅರ್ಧಕ್ಕೆ ಬಂದಿದೆ. ಆದರೂ ಆಳುಗಳು ‘ಅಜ್ಜಯ್ಯನ ಕತ್ತಿ ಕೊಡಿ’ ಎಂದೇ ಕೇಳುತ್ತಾರೆ. ಅದೇ ಬೆಲೆಗೆ ಅದೇ ಕುಲುಮೆಯಿಂದ ತಂದ ಬೇರೆ ಕತ್ತಿಗೆ ಆ ಹೆಸರಿಲ್ಲ. ಯಂತ್ರಗಳು ಗುರುತಿಸುವುದು ಸವೆಯದೆ ಉಳಿದದ್ದರಿಂದ: ಬದಲಾಗದ ಸಂಖ್ಯೆ, ಅಳಿಯದ ಗೆರೆ. ಎಕ್ಸ್‌ಪಿ ಲೆಕ್ಕಕ್ಕೆ ಹಿಡಿದ ಹತ್ತು ಸಂಗತಿಗಳಲ್ಲಿ ಕೀಲಿಮಣೆ ಇರಲಿಲ್ಲ. ಮನುಷ್ಯನ ಬೆರಳು ದಿನಾ ಮುಟ್ಟುವ ಭಾಗ ಅದು. ಆ ಕೋಣೆಯಲ್ಲಿ ನಮಗೆಲ್ಲ ಅಪ್ಪ ಎಂದರೆ ಆ ಎಫ್ ಗುಂಡಿಯ ತಗ್ಗು.

ಹಾರ್ಡ್‌ವೇರ್ ಇತ್ತೀಚೆಗೆ ಬದಲಿಸಿದ್ದೇನೆ ಎಂಬಲ್ಲಿ ಒತ್ತಿದೆ. ಖಾತೆಯ ವಿಳಾಸ ಕೇಳಿತು. ಅಪ್ಪನ ಡೈರಿಯ ಮೊದಲ ಪುಟದಲ್ಲೇ ಇತ್ತು, ಪಾಸ್‌ವರ್ಡ್ ಕೂಡ, ಅಂಚೆಯ ಮುತ್ತಿನಂಥ ಅಕ್ಷರದಲ್ಲಿ. ಹಾಕಿದೆ. ಸರಿಯಾಗಿಯೇ ಇತ್ತು. ಆದರೆ ಒಂದು ವರ್ಷದಿಂದ ಯಾರೂ ತೆರೆಯದ ಖಾತೆ. ಮೊಬೈಲಿಗೆ ಗುಟ್ಟಿನ ಅಂಕಿ ಕಳಿಸುತ್ತೇವೆ ಎಂದು ನಂಬರಿನ ಕೊನೆಯ ಎರಡಂಕಿ ತೋರಿಸಿತು. ಅಪ್ಪನ ನಂಬರು.

ನನ್ನ ಕೈ ನಿಂತಿತು. ತೀರಿಕೊಂಡವರ ಸಿಮ್ ಇಷ್ಟು ದಿನ ಉಳಿದಿರುತ್ತದೆಯೇ? ಒಳಗೆ ಹೋಗಿ ಅಮ್ಮನನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ದೇವರ ಕೋಣೆಯ ಗೂಡಿನಿಂದ ಅಪ್ಪನ ಗುಂಡಿ ಮೊಬೈಲ್ ತೆಗೆದರು. ಚಾರ್ಜ್ ತುಂಬಿತ್ತು. ‘ತಿಂಗಳಿಗೊಂದ್ಸಲ ಅಂಗಡಿ ಹುಡುಗನ ಹತ್ರ ರೀಚಾರ್ಜ್ ಹಾಕಿಸ್ತೀನಿ. ಯಾರಾದ್ರೂ ಹಳಬ್ರು ಫೋನ್ ಮಾಡಿದ್ರೆ, ಇಲ್ಲ ಅಂತ ಹೇಳೋಕಾದ್ರೂ ಒಬ್ರು ಬೇಡ್ವಾ’ ಎಂದರು. ಈ ಒಂದು ವರ್ಷದಲ್ಲಿ ಅದನ್ನು ಅವರು ನನಗೆ ಹೇಳಿರಲಿಲ್ಲ.

ನಮ್ಮಲ್ಲಿ ಸಿಗ್ನಲ್ ಸಿಗುವುದು ಅಂಗಳದ ತುಳಸಿಕಟ್ಟೆಯ ಆಚೆ, ಧರೆಯ ಅಂಚಿನಲ್ಲಿ. ಅಮ್ಮ ಮೊಬೈಲ್ ಹಿಡಿದು ಅಲ್ಲಿ ಹೋಗಿ ನಿಂತರು. ನಾನು ಕೋಣೆಯ ಕಿಟಕಿ ತೆರೆದಿಟ್ಟು, ಕಳಿಸು ಎಂದು ಒತ್ತಿದೆ. ಮಳೆ ಬಿದ್ದು ಬಿಟ್ಟಿತ್ತು, ಹಲಸಿನ ಮರದ ಸೀಳಿದ ಕಾಂಡ ಬಿಳಿಯಾಗಿ ಕಾಣುತ್ತಿತ್ತು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಹಳೇ ಮೊಬೈಲಿನ ಸದ್ದು ಅಂಗಳ ದಾಟಿ ಬಂತು.

‘ಬಂತು. ಓದ್ಲಾ?’

‘ಓದಿ.’

ಕನ್ನಡಕ ತರಲು ಮರೆತಿದ್ದರು. ಮೊಬೈಲನ್ನು ದೂರ ಹಿಡಿದು ಓದಿದರು. ಮೂರು ಅಂಕಿ, ಸಣ್ಣ ಬಿಡುವು, ಮತ್ತೆ ಅಂಕಿಗಳು. ನಡುವೆ ಸೊನ್ನೆ ಬಂದಾಗ ಸ್ವರ ಏರಿತು.

ಖಾತೆಯಲ್ಲಿದ್ದ ಯಂತ್ರಗಳ ಪಟ್ಟಿ ಪರದೆಯ ಮೇಲೆ ಬಂತು. ಪಟ್ಟಿ ಎಂದರೆ ಒಂದೇ ಹೆಸರು. ಅದರ ಮುಂದೆ ಪುಟ್ಟ ಚೌಕ, ನಾನು ಈಗ ಬಳಸುತ್ತಿರುವ ಸಾಧನ ಇದೇ ಎಂಬ ಒಕ್ಕಣೆ. ಗುರುತು ಹಾಕಿದೆ, ಸಕ್ರಿಯಗೊಳಿಸು ಎಂದು ಒತ್ತಿದೆ. ಮೂಲೆಯ ಸಾಲು ಹೋಯಿತು.

ಅಮ್ಮ ಕಿಟಕಿಯ ಹತ್ತಿರ ಬಂದು ‘ಆಯ್ತಾ?’ ಎಂದರು. ‘ಆಯ್ತಮ್ಮ.’ ಮೊಬೈಲಿನ ಬೆನ್ನು ಸೆರಗಿನಲ್ಲಿ ಒರೆಸಿ ಮತ್ತೆ ಗೂಡಿಗೆ ಇಡಲು ಒಳಗೆ ಹೋದರು. ರಿಪೇರಿ ಅಂಗಡಿಯ ಹುಡುಗ ಪ್ರೀತಿಯಿಂದ ಪುಕ್ಕಟೆ ಕೊಟ್ಟಿದ್ದ ಹೊಸ ಕೀಲಿಮಣೆ ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಯಲ್ಲೇ ಇದೆ. ನಾನು ಅಪ್ಪನ ಮನೆಗಳ ಪಟ್ಟಿಯ ಕಡತ ತೆರೆದೆ. ಕೊನೆಯ ವಾಕ್ಯ ಅರ್ಧಕ್ಕೆ ನಿಂತಿತ್ತು, ‘ಕೆರೆಕೊಪ್ಪ’ ಎಂಬ ಮನೆಹೆಸರಿನ ಹತ್ತಿರ. ‘ಕೊ’ ಇತ್ತು, ‘ಪ’ ಇತ್ತು, ಒತ್ತು ಬಂದಿರಲಿಲ್ಲ. ಬೆರಳನ್ನು ಆ ತಗ್ಗಿನಲ್ಲಿ ಇಟ್ಟೆ.